ರಸೀದಿ ನಂಬರ್ ನೂರಾ ಹದಿನಾಲ್ಕು

ಮೂವತ್ತೊಂದು ವರ್ಷ ಬಸ್ಸಿನ್ಯಾಗ ಚಿಲ್ಲರೆ ಎಣಿಸಿದವ ಅಂತ
ಈ ಬಳಗದ ಲೆಕ್ಕಾ ನನ್ನ ಕೊರಳಿಗೆ ಬಿತ್ತು.
ಗದಗ–ರೋಣ, ಗದಗ–ಮುಂಡರಗಿ,
ಹರಿದ ನೋಟಿಗೂ ಮರ್ಯಾದಿ ಕೊಟ್ಟ ಕೈ ಇದು.
ಈಗ ಬರೀತೈತಿ:
ತೆಂಗಿನ ನಾರಿನ ಬ್ರಶ್ ಹನ್ನೆರಡು,
ಬಕೆಟ್ ಎರಡು, ಒಂದರ ಹಿಡಿಕಿ ಮುರದೈತಿ,
ಚಹಾ, ಚುರುಮುರಿ, ಮಿರ್ಚಿ. ಇದಕ್ಕ ರಸೀದಿ ಇಲ್ಲ,
ಇದ್ದರೂ ಆಡಿಟ್ ಮಾಡಾವ್ರು ನಂಬೂದಿಲ್ಲ, ಅಷ್ಟು ಮಿರ್ಚಿ.

ಭಾನುವಾರ ಆರಕ್ಕ, ಬೆಟಗೇರಿ ಓಣಿ.
ಮಗ್ಗ ಇನ್ನೂ ಎದ್ದಿರೂದಿಲ್ಲ.
ತುಕಾರಾಮ ಬಾಕಳೆ ಬರ್ತಾನ, ಲಾಳಿ ಓಡಿಸಿ ಓಡಿಸಿ ಕಣ್ಣು ಕೆಂಪು.
ಜೈಬುನ್ನಿಸಾ ಬರ್ತಾಳ, ಅಪ್ಪ ಹಿಂಜಿಟ್ಟ ಅರಳಿ ತಗೊಂಡು,
ಅಕ್ಷರದ ಸಂದಿಗೆ ಇದರಷ್ಟು ಮೆತ್ತಗಿಂದು ಯಾವುದೂ ಇಲ್ಲ ಅಂತಾಳ.
ಕಾಲೇಜಿನ ನೀಲಾಂಬಿಕಾ, ಟೇಪು, ಮೊಬೈಲು, ನೋಟ್‌ಬುಕ್ಕು.
ಕೆಲವು ವಾರ ಇಬ್ಬರೇ.
ಒಂದು ವಾರ ನಾನೊಬ್ಬನೇ, ಮತ್ತ ಒಂದು ನಾಯಿ.

ಯಾವ ಕಾಲದಾಗೋ ದನಾ ಬಿಡಿಸ್ಕೊಂಡು ಬರಾಕ ಹೋಗಿ
ತಾವು ಬರದಾವ್ರು ಇವರು.
ಈಗ ಒಬ್ಬನ ಎದಿಮ್ಯಾಲ ಪೋಸ್ಟರ್,
ಒಬ್ಬನ ಕತ್ತಿ ಗಟಾರದೊಳಗ,
ಒಬ್ಬನ ಹೆಗಲಿಗೆ ಯಾರದೋ ಸೈಕಲ್.
“ಸತ್ತಾವ್ರು ನಿಮಗೇನ ಪಗಾರ ಕೊಡ್ತಾರೇನ್ರಿ?”
ಹಾಲಿನವ ಕೇಳತಾನ, ವಾರಾ ವಾರಾ, ಅದೇ ಪ್ರಶ್ನಿ,
ಅದೇ ಗಂಟಿ ಬಾರಿಸಿಕೋತ.

ಇನ್ನೊಂದು ಕಲ್ಲಿತ್ತು, ಗುರಬಸವ್ವನ ಹಿತ್ತಲದಾಗ, ಬೋರಲ ಬಿದ್ದದ್ದು.
ನಲವತ್ತು ವರ್ಷ ಆಕಿ ಅರಿವಿ ಒಗದ ಕಲ್ಲು,
ಅದಕ್ಕೂ ಮೊದಲು ಆಕಿ ಅತ್ತಿ.
ನೀಲಾಂಬಿಕಾ ಅಂಚಿನಡಿ ಬೆರಳಾಡಿಸಿ ಅಂದ್ಲು:
“ಇಲ್ಲೊಂದು ಗೊರಸು ಐತ್ರಿ.”
“ಗೊರಸರ ಇರಲಿ ಕೋಡರ ಇರಲಿ, ಮುಟ್ಟಬ್ಯಾಡ್ರಿ.
ಬಾಣಂತನದ ಅರಿವಿ ಇದರ ಮ್ಯಾಲ,
ಸತ್ತವ್ರ ಹಾಸಿಗಿ ಇದರ ಮ್ಯಾಲ,
ಗಂಡನ ಜೋಡಿ ಮಾತು ಬಿಟ್ಟ ವರ್ಷ
ಬೈಗಳೆಲ್ಲಾ ಇದರ ಮ್ಯಾಲ ಕುಕ್ಕೀನಿ.
ಇದರಷ್ಟು ಕೇಳಿಸ್ಕೊಂಡಾವ್ರು ಯಾರದಾರ?”

ಐದು ಭಾನುವಾರ ಹೋದ್ವಿ. ಹೇಳಿದ್ದು ಒಂದೂ ನಾಟಲಿಲ್ಲ.
ಆರನೇದಕ್ಕ ಆಕೀನ ಅಂದ್ಲು:
“ಒಗಿಯಾಕ ಬ್ಯಾರೆ ಕಲ್ಲು ತಂದುಕೊಡ್ರಿ. ಸಣ್ಣಂದಲ್ಲ.”
ಬರಕೊಂಡೆ: ಒಗಿಯೂ ಕಲ್ಲು ಒಂದು, ಆರುನೂರಾ ಐವತ್ತು.
ಟಂಟಂ ಬಾಡಿಗಿ ಇನ್ನೂರು.

ಹಾರಿ, ಹಗ್ಗ, ಏಳು ಮಂದಿ.
ಜೈಬುನ್ನಿಸಾ ಬಿಸ್ಮಿಲ್ಲಾ ಅಂದ್ಲು, ಬಾಕಳೆ ಅಂಬಾ ಭವಾನಿ ಅಂದ.
ಕಲ್ಲು ಹೊಳ್ಳಿತು.
ಎರೆಹುಳ, ಹಸಿಮಣ್ಣಿನ ವಾಸನಿ,
ಆಮ್ಯಾಲ ಎರಡು ಕೊಡ ನೀರು.

ನಾವು ತಿಕ್ಕಿದ ವೀರರಿಗೆ ಮೂಗಿಲ್ಲ, ಬಾಯಿಲ್ಲ,
ಮಳಿ ತಿಂದೈತಿ.
ಇವನಿಗೆ ರೆಪ್ಪಿ ಸೈತ ಅದಾವ.
ಕೊರಳ ಸರದ ಮಣಿ ಎಣಿಸಬಹುದು.
ಕೆಳಗ ದನ, ಒಂದರ ಕಿವಿ ಹಿಂದಕ್ಕ ಹೊಳ್ಳೈತಿ, ಯಾರೋ ಕರದಂಗ.
ನಡುವಿನ ಪಟ್ಟಿಯೊಳಗ ಅಪ್ಸರೆಯರ ಕೈ ಅವನ ಕಂಕಳಾಗ.
ಅಂಚಿನ ಸಾಲು ನೀಲಾಂಬಿಕಾ ತಡದು ತಡದು ಓದಿದ್ಲು:
“ತುರುವಂ ಮಗುಳ್ಚಿ”
ಅಲ್ಲಿಗೆ ಒಡದೈತಿ. ಹೆಸರಿಲ್ಲ.

ಅಷ್ಟು ವರ್ಷ ಬೆನ್ನಿಗೆ ಪೆಟ್ಟು ತಿಂದು
ಮಾರಿ ಉಳಿಸಿಕೊಂಡಾನ.
ಗುರಬಸವ್ವ ಸೆರಗಿನಿಂದ ಅವನ ಗಲ್ಲ ಒರಿಸಿದ್ಲು.
“ಇಷ್ಟು ಸಣ್ಣಾವಿದ್ದೇನೋ?” ಅಂದ್ಲು.
ಆಮ್ಯಾಲ ನನ್ನ ಕೈಯಾನ ಬ್ರಶ್ ಕಸಕೊಂಡು,
“ಹಿಂಗಲ್ಲೋ, ಕೂಸಿನ ನೆತ್ತಿ ತೊಳದಂಗ.”

ರಾತ್ರಿ ಲೆಕ್ಕಾ ಬರಿಯಾಕ ಕುಂತೆ.
ದಾನಿಗಳ ಹೆಸರು: ಗುರಬಸವ್ವ ಕೋಂ ರಾಚಪ್ಪ ಹೂಲಿ.
ಬಾಬತ್ತು: ಒಬ್ಬನ ಮಾರಿ ಕಾಯ್ದದ್ದು, ಗೊತ್ತಿಲ್ಲದ.
ಮೊತ್ತ:
ಇಲ್ಲಿ ಪೆನ್ನು ನಿಂತಿತು.

ಬಸ್ಸಿನ್ಯಾಗ ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದ ಬರಕೊಡ್ತಿದ್ದೆ,
ಇಳಿಯೂ ಮುಂದ ಇಸಕೋರಿ ಅಂತ.
ಎಷ್ಟೋ ಮಂದಿ ಮರತು ಇಳದು ಹೋಗ್ತಿದ್ರು.

ರಸೀದಿ ಹೊಳ್ಳಿಸಿದೆ.
ಹಿಂದ ಬರದೆ: ಬಾಕಿ ಐತಿ.